ಸೋರುವ ತಾಣವನ್ನು ಹುಡುಕಿರಿ

ತಪಸ್ಸುಕಾಲವು ನಮ್ಮ ನಾಡಿಗೆ ಬಿಸಿಲನ್ನು ಜೊತೆಯಲ್ಲಿಯೇ ಕರೆತರುತ್ತದೆ. ಪಾಸ್ಖ ಹಬ್ಬದ ಹೊತ್ತಿಗೆ ಕಲಬುರಗಿ, ರಾಯಚೂರು, ಬಳ್ಳಾರಿಗಳ ಕಡೆ ಉಷ್ಣಾಂಶ 40 ಡಿಗ್ರಿಯನ್ನು ಮುಟ್ಟುವುದು ಸಾಮಾನ್ಯ. ಇಂತಹ ದಿನಗಳಲ್ಲಿ ಕಾರಿನ ಎ.ಸಿ. ಕೇವಲ ಸುಖದ ಸಾಧನವಲ್ಲ. ಡಯಾಲಿಸಿಸ್ ಮುಗಿಸಿ ಮಟಮಟ ಮಧ್ಯಾಹ್ನ ಮನೆಗೆ ಹಿಂದಿರುಗುವ ವೃದ್ಧರಿಗೂ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಬರುವ ಬಾಣಂತಿಗೂ ಅದು ಆಸರೆ. ನಮ್ಮ ಅನೇಕ ಕುಟುಂಬಗಳಲ್ಲಿರುವುದು ಹತ್ತು ಹದಿನೈದು ವರ್ಷ ಹಳೆಯ ಕಾರು. ಅದು ತಂಪು ನೀಡದಿದ್ದಾಗ ಹಣ ಖರ್ಚು ಮಾಡುವುದಕ್ಕೆ ಮುಂಚೆ, ಅದು ಏನು ಹೇಳುತ್ತಿದೆಯೆಂದು ಗಮನಿಸುವುದು ಲೇಸು.

ಕಾರು ಓಡುವಾಗ ತಂಪಾಗಿದ್ದು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗುತ್ತಿದ್ದರೆ ಮುಂಭಾಗದ ಫ್ಯಾನ್ ತಿರುಗುತ್ತಿದೆಯೇ ನೋಡಿರಿ. ಅಲ್ಲಿರುವ ಕಂಡೆನ್ಸರ್‌ನ ಎಸಳುಗಳಲ್ಲಿ ಧೂಳು, ಸತ್ತ ಹುಳುಗಳು ತುಂಬಿಕೊಂಡಿದ್ದರೂ ಹೀಗಾಗುತ್ತದೆ. ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಗಾಳಿಯೇ ಕಡಿಮೆ ಬರುತ್ತಿದ್ದರೆ ಒಳಗಿನ ಫಿಲ್ಟರ್ ಅಥವಾ ಕೂಲಿಂಗ್ ಕಾಯಿಲ್ ಕೊಳೆಯಿಂದ ಕಟ್ಟಿಕೊಂಡಿರಬಹುದು. ಮೊದಲು ತಂಪು ಕೊಟ್ಟು, ಅರ್ಧ ಗಂಟೆಯ ನಂತರ ಗಾಳಿಯೇ ಕುಗ್ಗಿ, ಸ್ವಲ್ಪ ಹೊತ್ತು ಎ.ಸಿ. ನಿಲ್ಲಿಸಿದ ಮೇಲೆ ಮತ್ತೆ ಸರಿಹೋದರೆ, ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿರಬಹುದು. ಕಾಲಡಿಯಲ್ಲಿ ನೀರು ನಿಲ್ಲುತ್ತಿದ್ದರೆ ಆ ನೀರು ಹೊರಹೋಗುವ ಕೊಳವೆ ಮುಚ್ಚಿಕೊಂಡಿರುತ್ತದೆ. ಇವೆಲ್ಲ ಸಾಮಾನ್ಯವಾಗಿ ಸಣ್ಣ ರಿಪೇರಿಗಳು.

ಆದರೆ ಎಲ್ಲ ಕಾಯಿಲೆಗೂ ಒಂದೇ ಔಷಧಿ ಎಂಬಂತೆ ಹಲವು ಕಡೆ ಕೇಳಿಬರುವ ಮಾತು ಒಂದಿದೆ: "ಗ್ಯಾಸ್ ಮುಗಿದಿದೆ, ತುಂಬಿಸಿಬಿಡೋಣ." ನಮ್ಮ ಧರ್ಮಕೇಂದ್ರದ ಹಳೆಯ ಕಾರಿಗೆ ಮೂರು ಬೇಸಿಗೆಗಳಲ್ಲಿ ಮೂರು ಬಾರಿ ಹೀಗೆ ತುಂಬಿಸಲಾಗಿತ್ತು. ಪ್ರತಿ ಬಾರಿಯೂ ಕೆಲವು ವಾರ ಹಿಮದಂತಹ ಗಾಳಿ, ಆಮೇಲೆ ಯಥಾಪ್ರಕಾರ. ನಾಲ್ಕನೆಯ ವರ್ಷ ಬೇರೊಂದು ಗ್ಯಾರೇಜಿನ ಯುವಕನು ಬಾನೆಟ್ ತೆರೆದು, ಟಾರ್ಚ್ ಹಿಡಿದು ಬಹಳ ಹೊತ್ತು ಪೈಪುಗಳನ್ನೇ ನೋಡಿದನು. "ಫಾದರ್, ಗ್ಯಾಸ್ ಖರ್ಚಾಗಂಗಿಲ್ರಿ. ಹಾದಿ ಸಿಕ್ಕರ ಹೋಗ್ತದ್ರಿ. ಹಾದಿ ಮುಚ್ಚೂತನಾ ತುಂಬಿದ್ದೆಲ್ಲಾ ಗಾಳಿಗೆ" ಎಂದನು.

ಅವನ ಮಾತು ಅಕ್ಷರಶಃ ಸತ್ಯ. ಪೆಟ್ರೋಲಿನಂತೆ ಈ ಅನಿಲ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ರಬ್ಬರಿನ ಮೂಲಕ ಅಲ್ಪಸ್ವಲ್ಪ ಇಂಗಿಹೋಗುವುದುಂಟು. ಪ್ರತಿ ವರ್ಷವೂ ಬರಿದಾದರೆ ಮಾತ್ರ ಸೋರಿಕೆಯಿದೆಯೆಂದೇ ಅರ್ಥ. ಅನಿಲದೊಡನೆ ಕಂಪ್ರೆಸರ್‌ನ ಎಣ್ಣೆಯೂ ಹರಿಯುವುದರಿಂದ, ಸೋರುವ ತಾಣದಲ್ಲಿ ಜಿಡ್ಡು ಧೂಳಿನ ಕಲೆ ಮೂಡುತ್ತದೆ. ಆ ಯುವಕನು ನೈಟ್ರೋಜನ್ ಒತ್ತಡ ಕೊಟ್ಟು, ಕಲೆಯಿದ್ದ ಜೋಡಣೆಗೆ ಸಾಬೂನಿನ ನೊರೆ ಹಚ್ಚಿದಾಗ ಸಣ್ಣ ಗುಳ್ಳೆಗಳು ಎದ್ದವು. ಗಟ್ಟಿಯಾಗಿ ಬಿರಿದಿದ್ದ ಒಂದು ರಬ್ಬರ್ ಉಂಗುರ ಅದಕ್ಕೆ ಕಾರಣ! ಅದನ್ನು ಬದಲಾಯಿಸಿ, ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿ, ತೂಕ ನೋಡಿ ಗ್ಯಾಸ್ ತುಂಬಿದನು. ಹೊರಡುವಾಗ, ಮಳೆಗಾಲ ಚಳಿಗಾಲಗಳಲ್ಲೂ ಆಗಾಗ್ಗೆ ಹತ್ತು ನಿಮಿಷ ಎ.ಸಿ. ಓಡಿಸಬೇಕು, ಇಲ್ಲವಾದರೆ ಎಣ್ಣೆ ಮುಟ್ಟದೆ ಸೀಲುಗಳು ಒಣಗುತ್ತವೆ ಎಂದು ಬುದ್ಧಿ ಹೇಳಿ ಕಳುಹಿಸಿದನು.

ಇದು ಕೇವಲ ನಮ್ಮ ಜೇಬಿನ ವಿಷಯವೂ ಅಲ್ಲ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್-134ಎ ಎಂಬ ಅನಿಲವು ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ನಮ್ಮ ಕಾರು ತಂಪಾಗಲೆಂದು ವರ್ಷವರ್ಷವೂ ಅದನ್ನು ಬಾನಿಗೆ ಬಿಟ್ಟರೆ ಮುಂದಿನ ಪೀಳಿಗೆಯ ಬೇಸಿಗೆಯನ್ನು ನಾವೇ ಸುಡುಬಿಸಿ ಮಾಡಿದಂತೆ. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಹಾನಿಕರವಾದ ಬಳಕೆಯ ರೂಢಿಗಳಿಗೆ ಸರಳ ಉದಾಹರಣೆಯಾಗಿ ಹೆಚ್ಚುತ್ತಿರುವ ಹವಾನಿಯಂತ್ರಣವನ್ನೇ ಹೆಸರಿಸಿದ್ದಾರೆ. ಅಗತ್ಯವಿದ್ದಾಗ ಬಳಸೋಣ, ಸೋರಲು ಮಾತ್ರ ಬಿಡದಿರೋಣ.

ಪ್ರಿಯ ಓದುಗರೇ, ಕುಟುಂಬಗಳನ್ನು ಸಂದರ್ಶಿಸುವಾಗ ಆ ಮೆಕ್ಯಾನಿಕ್‌ನ ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಹಬ್ಬಕ್ಕೆ ಹೊಸ ಬಟ್ಟೆ, ವರ್ಷಕ್ಕೊಮ್ಮೆ ವೇಳಾಂಗಣಿ ಯಾತ್ರೆ, ನಡುವೆ ಒಂದು ಧ್ಯಾನಕೂಟ. ಕೆಲವು ವಾರ ಮನೆಯಲ್ಲಿ ತಂಪು. ಆಮೇಲೆ ಅದೇ ಸಿಡುಕು, ಅದೇ ಮೌನ. ಪ್ರೀತಿ ಮುಗಿದುಹೋಯಿತೆಂದು ದಂಪತಿಗಳು ಹೇಳುತ್ತಾರೆ. ಆಸ್ತಿ ಪಾಲಾದ ದಿನ ಆಡಿದ ಒಂದು ಮಾತಿನಿಂದ ಅಣ್ಣತಮ್ಮಂದಿರು ಇಂದಿಗೂ ಬಲಿಪೂಜೆಯಲ್ಲಿ ಬೇರೆಬೇರೆ ಮೂಲೆಗಳಲ್ಲಿ ಕೂರುತ್ತಾರೆ. ಅಲ್ಲಿ ಪ್ರೀತಿ ಮುಗಿದಿರುವುದಿಲ್ಲ. ಎಲ್ಲಿಯೋ ಬಿರಿದ ಒಂದು ಸಣ್ಣ ಜೋಡಣೆಯಿಂದ ಹರಿದುಹೋಗುತ್ತಿರುತ್ತದೆ. ಜೀವಜಲದ ಬುಗ್ಗೆಯನ್ನು ತೊರೆದು, ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡ ಜನರನ್ನು ಕುರಿತು ಪ್ರವಾದಿ ಯೆರೆಮೀಯನು ಮರುಗಿದ್ದು ಇದಕ್ಕಾಗಿಯೇ ಅಲ್ಲವೇ?

ಪಾಪನಿವೇದನೆಗೆ ಮುಂಚೆ ಮಾಡುವ ಆತ್ಮಶೋಧನೆಯೂ ಟಾರ್ಚ್ ಹಿಡಿದು ಕಲೆ ಹುಡುಕುವ ಕೆಲಸವೇ. ಅದಕ್ಕೆ ಸಮಯ ಬೇಕು, ಕೈ ಕೊಳೆಯಾಗಲು ಸಿದ್ಧರಿರಬೇಕು. "ಆ ದಿನ ನಾನು ಹೇಳಿದ ಯಾವ ಮಾತು ನಿನಗೆ ನೋವು ತಂದಿತು?" ಎಂದು ಮನೆಯವರನ್ನು ಕೇಳುವ ಧೈರ್ಯ ಬೇಕು. ಈ ತಪಸ್ಸುಕಾಲದಲ್ಲಿ ಆ ಒಂದು ಪ್ರಶ್ನೆಯನ್ನು ಕೇಳಿರಿ. ಉತ್ತರವನ್ನು ನಡುವೆ ತಡೆಯದೆ ಆಲಿಸಿರಿ. ತುಂಬುವವನು ಪ್ರಭುವೇ. ಸೋರುವ ತಾಣವನ್ನು ಅವರಿಗೆ ತೋರಿಸುವುದಷ್ಟೇ ನಮ್ಮ ಪಾಲಿನ ಕೆಲಸ.