ಸ್ಟೀರಿಂಗ್ ಹಿಡಿದು ಆಡಿದ ಮಾತು

ಟಿವಿಯಲ್ಲಿ ಕಾರಿನ ಬಗ್ಗೆ ಮಾತಾಡುವವರಿಗೇನೂ ಬರವಿಲ್ಲ. ಆದರೆ ಟಿಫ್ ನೀಡೆಲ್ ಮಾತಾಡುತ್ತಿದ್ದರೆ ನಾನು ಕೂತಲ್ಲಿಂದ ಏಳುವುದಿಲ್ಲ. ಬಿಬಿಸಿಯ ‘ಟಾಪ್ ಗೇರ್’ನ ಹಳೆಯ ಕಂತುಗಳಲ್ಲಿ ಆತನನ್ನು ನೋಡಬೇಕು. ಎಡ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ, ಇಡೀ ಕಾರು ಅಡ್ಡಡ್ಡ ಹೋಗುತ್ತಿರುತ್ತದೆ. ಕೈ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿರುತ್ತದೆ. ಕಾಲು ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿ, ಒಂದಿಷ್ಟು ಬಿಟ್ಟು, ಆ ಜಾರಿಕೆಯನ್ನು ಹದದಲ್ಲಿ ಇಟ್ಟಿರುತ್ತದೆ. ಇಷ್ಟರ ನಡುವೆ ಬಾಯಿ ಮಾತ್ರ ನಿಲ್ಲದು. ಟೈರಿಗೆ ಹಿಡಿತ ಎಲ್ಲಿ ತಪ್ಪಿತು, ಎಲ್ಲಿ ಮತ್ತೆ ಸಿಕ್ಕಿತು ಎಂದು ಹೇಳುತ್ತಲೇ ಇರುತ್ತಾನೆ. ಪುಸ್ತಕದ ಬದನೆಕಾಯಿ ಅಲ್ಲ ಇದು.

ಓದಿದ್ದು ಸಿವಿಲ್ ಎಂಜಿನಿಯರಿಂಗ್. ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಲೋಟಸ್‌ನ ರೇಸ್ ಕಾರೊಂದು ಬಹುಮಾನವಾಗಿ ಬಂತು, ದಾರಿಯೇ ಬದಲಾಯಿತು. 1980ರಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಫಾರ್ಮುಲಾ ಒನ್ ರೇಸಿಗೂ ಇಳಿದ, ಎಂಜಿನ್ ಕೈಕೊಟ್ಟಿತು. ಮುಂದೆ ಮೊನಾಕೊದಲ್ಲಿ ಅರ್ಹತೆಯೇ ದಕ್ಕಲಿಲ್ಲ. ಫಾರ್ಮುಲಾ ಒನ್ ಅಲ್ಲಿಗೇ ಮುಗಿಯಿತು. 1987ರಲ್ಲಿ ‘ಟಾಪ್ ಗೇರ್’ ಸೇರಿದ. ಟಿವಿ ಸೇರಿದವನು ರೇಸ್ ಬಿಟ್ಟ ಎಂದುಕೊಂಡರೆ ತಪ್ಪು.

ಮಾತಿಗೂ ಓಟಕ್ಕೂ ಬ್ರಿಟನ್ನಿನಲ್ಲಿ ಹಳೆಯ ನಂಟಿದೆ. 1931ರಲ್ಲಿ ಐಲ್ ಆಫ್ ಮ್ಯಾನ್ ಬೈಕ್ ರೇಸ್ ಗೆದ್ದ ಗ್ರಹಾಂ ವಾಕರ್ ಆಮೇಲೆ ಬಿಬಿಸಿಯಲ್ಲಿ ವೀಕ್ಷಕ ವಿವರಣೆ ಕೊಟ್ಟವರು. ಅವರ ಮಗನೇ ಮುರ್ರೆ ವಾಕರ್. ಫಾರ್ಮುಲಾ ಒನ್ ಎಂದರೆ ಆ ಧ್ವನಿ ಎನ್ನುವಷ್ಟು ಹೆಸರಾದವರು.

ಇರಲಿ, ನೀಡೆಲ್‌ಗೆ ಬರೋಣ. 1990ರ ಲಮಾನ್, ಇಪ್ಪತ್ನಾಲ್ಕು ಗಂಟೆಗಳ ಓಟ. ಒಂದು ಸುತ್ತೇ ಹದಿಮೂರು ಕಿಲೋಮೀಟರಿಗೂ ಹೆಚ್ಚು. ಮೂವರು ಸರದಿಯಲ್ಲಿ ಓಡಿಸಬೇಕು; ರಾತ್ರಿಯಿಡೀ ಹೆಡ್‌ಲೈಟ್ ಬೆಳಕೇ ಗತಿ. ಡೇವಿಡ್ ಸಿಯರ್ಸ್, ಆಂಥನಿ ರೀಡ್ ಜೊತೆ ಪೋರ್ಷೆ 962 ಓಡಿಸಿ ನೀಡೆಲ್ ಮೂರನೆಯವನಾಗಿ ಬಂದ. ಟಿವಿ ನಿರೂಪಕನೊಬ್ಬ ಲಮಾನ್‌ನಲ್ಲಿ ಮೂರನೆಯವ! ನನಗಿದು ಅವನ ಫಾರ್ಮುಲಾ ಒನ್ ಪ್ರವೇಶಕ್ಕಿಂತ ದೊಡ್ಡ ಸಾಧನೆ. ಆ ದಿನ ಜಾಗ್ವಾರ್‌ನಲ್ಲಿ ಗೆದ್ದ ಮೂವರಲ್ಲಿ ಒಬ್ಬರು ಮಾರ್ಟಿನ್ ಬ್ರಂಡಲ್. 1997ರಲ್ಲಿ ಮುರ್ರೆ ವಾಕರ್ ಪಕ್ಕದಲ್ಲಿ ಮೈಕ್ ಹಿಡಿದವರೂ ಇದೇ ಬ್ರಂಡಲ್.

ಮೈಕ್ ಹಿಡಿದ ಮೇಲೂ ಬ್ರಂಡಲ್ ಸುಮ್ಮನಿರಲಿಲ್ಲ. 2012ರಲ್ಲಿ ಮಗ ಅಲೆಕ್ಸ್ ಜೊತೆ ಅದೇ ಲಮಾನ್‌ಗೆ ಮರಳಿದರು. ಅದೇ ಓಟದಲ್ಲಿ ನಮ್ಮ ಚೆನ್ನೈನ ಕರುಣ್ ಚಂದೋಕ್ ಕೂಡ ಇದ್ದರು, ಅಲ್ಲಿ ಓಡಿದ ಮೊದಲ ಭಾರತೀಯ. ಅವರ ತಂಡ ಆರನೆಯದಾಗಿ ಬಂತು. ಇವತ್ತು ಬ್ರಂಡಲ್, ಚಂದೋಕ್ ಇಬ್ಬರೂ ಸ್ಕೈ ವಾಹಿನಿಯಲ್ಲಿ ಫಾರ್ಮುಲಾ ಒನ್ ವಿವರಿಸುತ್ತಾರೆ. ಚಾಲಕ ಬ್ರೇಕ್ ತಡವಾಗಿ ಹಾಕಿದ ಎಂದು ಚಂದೋಕ್ ಹೇಳಿದರೆ ನಾನು ಮರುಮಾತಿಲ್ಲದೆ ನಂಬುತ್ತೇನೆ.