ಕೇಳದೆ ಕೊಟ್ಟ ಹಾಡು

ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು ಮೊಬೈಲನ್ನು ದಿಂಬಿನಡಿ ಸರಿಸಿದಳು. "ಏನು ಕೇಳ್ತಿದ್ದೀಯಾ?" ಎಂದು ನಾನು ಕೇಳಿದ್ದಕ್ಕೆ, "ಬಿಟಿಎಸ್. ನಿನಗೆ ಹಿಡಿಸಲ್ಲ ಬಿಡಪ್ಪ" ಎಂದಳು. 2022ರ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬೈದು ಸುಮ್ಮನಾಗುತ್ತಿದ್ದೆನೇನೋ. ಹದಿನಾರರ ಹುಡುಗಿ ತನ್ನ ಪ್ರೀತಿಯ ವಸ್ತುವನ್ನು ಅಪ್ಪನ ಕಣ್ಣಿಂದ ಕಾಪಾಡಿಕೊಳ್ಳುತ್ತಿದ್ದಳು. ಬಾಗಿಲ ಬಳಿಯೇ ನಿಂತುಬಿಟ್ಟೆ. ಆ ಮಾತನ್ನು ಮೊದಲೊಮ್ಮೆ ಕೇಳಿದ್ದೆ, ಗದುಗಿನ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ತಂಗಿಯ ಬಾಯಿಂದ: "ನಿನಗ ಸೇರೂದಿಲ್ಲ ಬಿಡಣ್ಣ."

ಅವತ್ತು ಆ ಮಾತು ನನ್ನನ್ನು ಮುಟ್ಟಿರಲಿಲ್ಲ. ಮುಟ್ಟುವುದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

1988ರಲ್ಲಿ ನಾನು ಧಾರವಾಡದಲ್ಲಿ ಡಿಗ್ರಿ ಓದುತ್ತಿದ್ದೆ. ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಹಿಂದಿನ ವರ್ಷವಷ್ಟೇ 'ಪ್ರೇಮಲೋಕ' ಬಂದಿತ್ತು. ಹಂಸಲೇಖರ ಹಾಡುಗಳು ಚಹದಂಗಡಿ, ಬಸ್ಸು, ಮದುವೆ ಮಂಟಪ ಯಾವುದನ್ನೂ ಬಿಟ್ಟಿರಲಿಲ್ಲ. ತಂಗಿಗೆ ಅವೆಲ್ಲ ಬಾಯಿಪಾಠ. ನೋಟ್‌ಬುಕ್ಕಿನಲ್ಲಿ ಹಾಡು, ಸಿನಿಮಾ, ಹಾಡಿದವರ ಹೆಸರು, ಕೇಳಿದ ತಾರೀಖು ಎಲ್ಲವನ್ನೂ ಬರೆದಿಡುತ್ತಿದ್ದಳು. ಧಾರವಾಡ ಆಕಾಶವಾಣಿಯಲ್ಲಿ ಚಿತ್ರಗೀತೆ ಶುರುವಾಗುವ ಹೊತ್ತಿಗೆ ರೇಡಿಯೊ ಎದುರು ಟೇಪ್ ರೆಕಾರ್ಡರ್ ಇಟ್ಟು, ಅವ್ವನಿಗೆ ಪಾತ್ರೆ ಸಪ್ಪಳ ಮಾಡಬೇಡವೆಂದು ಕೈಮುಗಿದು, ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ನಾನು ಹಾಸ್ಟೆಲಿನಲ್ಲಿ ಬೇರೆಯೇ ಮನುಷ್ಯನಾಗುತ್ತಿದ್ದೆ. ಮಲ್ಲಿಕಾರ್ಜುನ ಮನ್ಸೂರರು ಇನ್ನೂ ಧಾರವಾಡದಲ್ಲಿದ್ದ ಕಾಲ. ಎಂಬತ್ತರ ಹತ್ತಿರದ ಆ ಹಿರಿಯರು ಅಪರೂಪದ ರಾಗವೊಂದನ್ನು ಹಿಡಿದು ಒಂದೇ ಉಸಿರಿನಲ್ಲೆಂಬಂತೆ ಕಟ್ಟುತ್ತ ಹೋಗುವುದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅದೇ ವರ್ಷ ಪಕ್ಕದ ಕೋಣೆಯ ಗೆಳೆಯ ಪಿಂಕ್ ಫ್ಲಾಯ್ಡ್ ಬ್ಯಾಂಡಿನ 'ವಿಶ್ ಯು ವರ್ ಹಿಯರ್' ಕೇಳಿಸಿದ. ಇವೆರಡು ನಿಜವಾದ ಪ್ರೀತಿಗಳು, ಇಂದಿಗೂ ಹಾಗೇ ಇವೆ. ಆದರೆ ಅವುಗಳ ಜೊತೆ ಇನ್ನೊಂದು ಒಳಗೆ ಬಂದು ಕೂತಿತು: ಉಳಿದವರು ಕೇಳುವುದು ಹಾಡೇ ಅಲ್ಲ ಎಂಬ ಸೊಕ್ಕು.

ದಸರಾ ರಜೆ ಮುಗಿಸಿ ಹೊರಟಾಗ ತಂಗಿ ಒಂದು ಕ್ಯಾಸೆಟ್ ಕೈಗಿಟ್ಟಳು. "ಹಾಸ್ಟೆಲಿನಾಗ ಕೇಳು" ಎಂದಳು. ಸಿ-90 ಕ್ಯಾಸೆಟ್, ಬದಿಗೆ ನಲವತ್ತೈದು ನಿಮಿಷ. ತಾನೇ ದುಡ್ಡು ಕೂಡಿಟ್ಟು ಕೊಂಡದ್ದು. ಮೇಲೆ ನೀಲಿ ಶಾಯಿಯಲ್ಲಿ 'ಚಿತ್ರಗೀತೆಗಳು' ಎಂದು ಗುಂಡಗೆ ಬರೆದಿದ್ದಳು. ಹಾಸ್ಟೆಲಿಗೆ ಬಂದು ಹಾಕಿದೆ. ರೇಡಿಯೊದ ಗೊರಗೊರ, ನಡುವೆ ಕುಕ್ಕರ್ ಸೀಟಿ. ಅರ್ಧ ಹಾಡಿಗೇ ನಿಲ್ಲಿಸಿದೆ. ಇಷ್ಟು ಒಳ್ಳೆಯ ಟೇಪು ವ್ಯರ್ಥವಾಗಿದೆ ಎನ್ನಿಸಿತು. ತಂಗಿಗೆ ಒಳ್ಳೆಯ ಸಂಗೀತದ ರುಚಿ ಹತ್ತಿಸಬೇಕು ಎನ್ನಿಸಿತು. ಪ್ರೀತಿಯಿಂದಲೇ ಎನ್ನಿಸಿತು; ಅದೇ ಇಂದಿಗೂ ಹೆಚ್ಚು ನೋಯಿಸುವುದು.

ಕ್ಯಾಸೆಟ್ಟಿನ ಬೆನ್ನಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಿಪ್ಪುಗಳಿರುತ್ತವೆ, ಬದಿಗೊಂದು. ಅವನ್ನು ಮುರಿದುಬಿಟ್ಟರೆ ರೆಕಾರ್ಡ್ ಗುಂಡಿ ಕೆಳಗಿಳಿಯದು. ಅದರಲ್ಲಿದ್ದುದನ್ನು ಯಾರೂ ತಪ್ಪಿಯೂ ಅಳಿಸಲಾರರು. ತಂಗಿ ಎರಡನ್ನೂ ಮುರಿದಿದ್ದಳು. ಇದನ್ನು ಯಾರೂ ಮುಟ್ಟಬೇಡಿ ಎಂದು ಅವಳು ಹೇಳಿದ್ದು ಹಾಗೆ. ನಾನು ಸೆಲೋಟೇಪಿನ ಎರಡು ಚೂರು ಕತ್ತರಿಸಿ, ಆ ತೂತುಗಳ ಮೇಲೆ ಅಂಟಿಸಿ, ಉಗುರಿನಿಂದ ತಿಕ್ಕಿ ಗಟ್ಟಿ ಮಾಡಿದೆ.

ರೆಕಾರ್ಡ್ ಒತ್ತಿದಾಗ ಮೊದಲು ಒಂದು ಹೆಡ್ ಟೇಪಿನ ಮೇಲಿದ್ದ ದನಿಯನ್ನು ಒರೆಸುತ್ತದೆ, ಅದರ ಬೆನ್ನಿಗೇ ಇನ್ನೊಂದು ಹೊಸದನ್ನು ಬರೆಯುತ್ತದೆ. ಸೆಕೆಂಡಿಗೆ ನಾಲ್ಕೂಮುಕ್ಕಾಲು ಸೆಂಟಿಮೀಟರ್. ಸಾವಕಾಶದ ಕೆಲಸ. ಕೈ ತಡೆಯಲು ನನಗೆ ಬೇಕಾದಷ್ಟು ಸಮಯವಿತ್ತು. ಮೊದಲ ಬದಿಗೆ ಮನ್ಸೂರರನ್ನು ತುಂಬಿದೆ. ಅದು ನಲವತ್ತು ನಿಮಿಷಕ್ಕೆ ಮುಗಿಯಿತು. ಉಳಿದ ಟೇಪನ್ನು ಫಾಸ್ಟ್ ಫಾರ್ವರ್ಡ್ ಮಾಡಿ ಮಗುಚಿ ಹಾಕಿದೆ. 'ವಿಶ್ ಯು ವರ್ ಹಿಯರ್' ನಲವತ್ತನಾಲ್ಕು ನಿಮಿಷ ಚಿಲ್ಲರೆಯ ಆಲ್ಬಮ್. ಎರಡನೇ ಬದಿಗೆ ಅಳೆದು ಹೊಲಿಸಿದಂತೆ ಕೂತಿತು. ಅವಳ ಅಕ್ಷರದ ಮೇಲೆ ನನ್ನ ಲೇಬಲ್ ಅಂಟಿಸಿ, ದೀಪಾವಳಿಗೆ ಊರಿಗೆ ಹೋದಾಗ ಉಡುಗೊರೆಯೆಂದು ಕೊಟ್ಟೆ.

ತಂಗಿ ಲೇಬಲ್ ನೋಡಿದಳು. ಬೆನ್ನಂಚನ್ನು ಬೆರಳಿಂದ ಸವರಿ ನೋಡಿದಳು. "ಛಲೋ ಆತು" ಎಂದು ಒಳಗೆ ಹೋದಳು. ಮುಂದಿನ ರಜೆಯಲ್ಲಿ ಅವಳ ನೋಟ್‌ಬುಕ್ ಕಾಣಲಿಲ್ಲ. ಹೊಸದೇನು ಕೇಳುತ್ತಿದ್ದೀ ಎಂದಾಗಲೇ ಅವಳು ಆ ಮಾತು ಹೇಳಿದ್ದು. ನಾನು ಮನೆಯಲ್ಲಿರುವಾಗ ಅವಳು ಗುನುಗುವುದೂ ನಿಂತಿತು.

ಆಮೇಲೆ ನಾನು ಹಾಡು ಹಂಚುವವನೆಂದೇ ಹೆಸರಾದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗೆಳೆಯರಿಗೆಲ್ಲ ಸಿ.ಡಿ. ಬರೆದುಕೊಟ್ಟೆ, ಪೆನ್‌ಡ್ರೈವ್ ತುಂಬಿಕೊಟ್ಟೆ, ಕೊನೆಗೆ ಬೆಳಗೆದ್ದು ಲಿಂಕ್ ಕಳಿಸತೊಡಗಿದೆ. 2002ರಲ್ಲಿ ಪಿಂಕ್ ಫ್ಲಾಯ್ಡ್ ಖ್ಯಾತಿಯ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದಾಗ ನಾಲ್ವರು ಗೆಳೆಯರನ್ನು ಎಳೆದುಕೊಂಡು ಹೋದೆ. ತಂಗಿಗೂ ಕಳಿಸುತ್ತಿದ್ದೆ, ಹುಬ್ಬಳ್ಳಿಗೆ, ಅವಳ ಮದುವೆಯಾದ ಮೇಲೂ. ಅವಳು ಎಂದೂ ಒಂದು ಹಾಡನ್ನು ತಿರುಗಿ ಕಳಿಸಲಿಲ್ಲ. ಅವಳಿಗೆ ಸಂಗೀತದ ಆಸಕ್ತಿ ಹೋಯಿತೆಂದು ನಂಬಿದೆ.

ಊರಿನ ಹೆಮ್ಮೆಯೆಂದು ನಾನು ಎಲ್ಲರಿಗೂ ಹೇಳುತ್ತಿದ್ದ ಕಥೆಯೊಂದಿದೆ. ನಮ್ಮ ಸೀಮೆಯ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ನಿಂತಲ್ಲೇ ನಿಂತದ್ದು, ಅದೇ ಗುಂಗಿನಲ್ಲಿ 1933ರಲ್ಲಿ, ಹನ್ನೊಂದರ ವಯಸ್ಸಿಗೇ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದದ್ದು. ನೂರು ಸಲ ಹೇಳಿರಬೇಕು. ಅಂಗಡಿಯವರು ತಟ್ಟೆ ಹಾಕಿದ್ದರು, ಅಷ್ಟೇ. ನಿಂತು ಕೇಳಿದ್ದು ಹುಡುಗನ ಇಷ್ಟ. ಅವನ ಬಾಯಲ್ಲಿದ್ದ ಹಾಡನ್ನು ಯಾರೂ ಒರೆಸಿರಲಿಲ್ಲ. ನಾನು ದೇವರಂತೆ ಕಂಡ ಮನ್ಸೂರರೂ ನಾಟಕ ಕಂಪನಿಯ ಬಾಲನಟನಾಗಿ ರಂಗಗೀತೆ ಹಾಡಿಯೇ ಬೆಳೆದವರು. ಅವರ ಆತ್ಮಕಥೆ 'ನನ್ನ ರಸಯಾತ್ರೆ' ನನ್ನ ಕಪಾಟಿನಲ್ಲೇ ಇತ್ತು.

ಮಗಳ ಮಾತು ಕೇಳಿದ ವಾರದಲ್ಲೇ ಹುಬ್ಬಳ್ಳಿಗೆ ಹೋದೆ. ಊಟವಾದ ಮೇಲೆ ತಂಗಿಗೆ ಕ್ಯಾಸೆಟ್ಟಿನ ವಿಷಯ ತೆಗೆದೆ. ಅವಳು ಏನೂ ಹೇಳದೆ ಎದ್ದು, ಕಪಾಟಿನ ಸೀರೆಗಳ ಅಡಿಯಿಂದ ಅದನ್ನು ತಂದಿಟ್ಟಳು. ಸೆಲೋಟೇಪ್ ಹಳದಿಯಾಗಿ ಅಂಚು ಎದ್ದಿತ್ತು. ರಿಪೇರಿ ಅಂಗಡಿಯವರೊಬ್ಬರು ಹಳೆಯ ಪ್ಲೇಯರಿನ ಬೆಲ್ಟ್ ಬದಲಿಸಿ ಕೊಟ್ಟರು.

ಮನ್ಸೂರರ ಹಾಡು ಮುಗಿಯಿತು. ಕಟಕ್ ಎಂದಿತು. ನಾನು ಅಂದು ರೆಕಾರ್ಡ್ ನಿಲ್ಲಿಸಿದ ಜಾಗ. ಅದರಾಚೆ ಗೊರಗೊರ, ಯಾವುದೋ ಹಾಡಿನ ಕೊನೆಯ ಎರಡು ಸಾಲು, ಅದಕ್ಕೆ ದನಿ ಕೂಡಿಸಿದ ಹುಡುಗಿಯೊಬ್ಬಳ ಗಂಟಲು. ಆಮೇಲೆ ರೇಡಿಯೊದ ಗುಂಡಿ ಆರಿಸಿದ ಸದ್ದು. ಹದಿನೈದರ ನನ್ನ ತಂಗಿ, ಕೋರಿಕೆ ಕಾರ್ಯಕ್ರಮದ ಉದ್ಘೋಷಕಿಯ ಗತ್ತಿನಲ್ಲಿ, ಪುಸ್ತಕದ ಭಾಷೆಯಲ್ಲಿ ಹೇಳುತ್ತಿದ್ದಳು: ಮೊದಲನೆಯ ಬದಿ ಇಲ್ಲಿಗೆ ಮುಗಿಯಿತು. ಎರಡನೆಯ ಬದಿಯ ಮೊದಲ ಹಾಡನ್ನು ಧಾರವಾಡದ ಹಾಸ್ಟೆಲಿನಲ್ಲಿರುವ ನಮ್ಮ ಅಣ್ಣನ ಕೋರಿಕೆಯ ಮೇರೆಗೆ ಪ್ರಸಾರ ಮಾಡುತ್ತಿದ್ದೇವೆ.

ನಾನು ಏನನ್ನೂ ಕೋರಿರಲಿಲ್ಲ. ಅಣ್ಣನಿಗೆ ಇದು ಇಷ್ಟವಾದೀತು ಎಂದು ಯೋಚಿಸಿ ಆರಿಸಿದ್ದಳು. ಕ್ಯಾಸೆಟ್ ಮಗುಚಿದೆ. ಪಿಂಕ್ ಫ್ಲಾಯ್ಡ್ ಶುರುವಾಯಿತು. ಅದು ಬ್ಯಾಂಡ್ ಬಿಟ್ಟುಹೋದ ಸಿಡ್ ಬ್ಯಾರೆಟ್ ಎಂಬ ಗೆಳೆಯನ ನೆನಪು ಹೊತ್ತ ಆಲ್ಬಮ್. 1975ರಲ್ಲಿ ಅದರ ಕೆಲಸ ನಡೆದಿದ್ದಾಗ ಆ ಗೆಳೆಯ ತಾನಾಗಿ ಸ್ಟುಡಿಯೊಗೆ ಬಂದರೂ ಬ್ಯಾಂಡಿನವರಿಗೆ ಮೊದಲು ಗುರುತೇ ಸಿಗಲಿಲ್ಲ. ಈ ಪ್ರಸಂಗವನ್ನೂ ನಾನು ಎಷ್ಟೋ ಜನರಿಗೆ ಕಣ್ಣು ತುಂಬಿ ಹೇಳಿದ್ದೆ.

"ನೀ ಎಲ್ಲಾ ಕೇಳಿದ ಮ್ಯಾಲೆ ಅಳಿಸೀದಿ ಅಂತ ತಿಳಕೊಂಡಿದ್ದೆ" ಎಂದಳು ತಂಗಿ.

ಮೂವತ್ತನಾಲ್ಕು ವರ್ಷ ಅವಳು ಹೊತ್ತದ್ದು ಇದನ್ನು: ಅಣ್ಣ ತನ್ನ ದನಿ ಕೇಳಿದ, ಅವನಿಗಾಗಿ ತಾನು ಆರಿಸಿದ ಹಾಡನ್ನೂ ಕೇಳಿದ, ಆಮೇಲೆ ಒರೆಸಿದ. "ನಾ ಕೇಳೇ ಇರಲಿಲ್ಲ" ಎಂದೆ. ಹೇಳುವಾಗ ಗೊತ್ತಾಯಿತು, ಅದು ಸಮಾಧಾನದ ಮಾತಾಗಿರಲಿಲ್ಲ.

ನಮ್ಮ ಭಾಷೆಯಲ್ಲಿ ಕಿವಿಗೊಡುವುದಕ್ಕೂ ಕೇಳುವುದು ಎನ್ನುತ್ತೇವೆ, ವಿಚಾರಿಸುವುದಕ್ಕೂ ಕೇಳುವುದು ಎನ್ನುತ್ತೇವೆ. ನಾನು ಅವಳ ಹಾಡನ್ನು ಕೇಳಲಿಲ್ಲ, ಅಳಿಸಲೇ ಎಂದು ಅವಳನ್ನೂ ಕೇಳಲಿಲ್ಲ. ನನ್ನ ತಪ್ಪೆಲ್ಲ ಆ ಒಂದು ಪದದೊಳಗೆ ಹಿಡಿಯುತ್ತದೆ. ಕೊಡುವ ಕೈಗೆ ತಾನು ದೊಡ್ಡದೆಂದು ಬಲುಬೇಗ ಅನ್ನಿಸುತ್ತದೆ. ಇನ್ನೊಬ್ಬರ ಹಾಡಿಗೆ ಪೂರ್ತಿ ಕಿವಿ ಕೊಡದವನು ತನ್ನ ಹಾಡನ್ನು ಹಂಚಿಕೊಳ್ಳುವುದಿಲ್ಲ, ಹೇರುತ್ತಾನೆ. ಹಾಡು ಎಷ್ಟೇ ಶ್ರೇಷ್ಠವಾಗಿರಲಿ, ಈ ಮಾತು ಬದಲಾಗುವುದಿಲ್ಲ.

ಈಗ ಮಗಳ ಕೋಣೆಗೆ ಹೋದಾಗ ನನ್ನ ಹಾಡಿನ ಮಾತು ತೆಗೆಯುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಅವಳೇ ಒಂದು ಕಿವಿಯದನ್ನು ತೆಗೆದು ಕೊಟ್ಟಳು. ಪೂರ್ತಿ ಕೇಳಿದೆ. ಅಷ್ಟು ಮಾಡಿದೆ.

ಭಾನುವಾರ ತಂಗಿ ಒಂದು ಹಾಡು ಕಳಿಸುತ್ತಾಳೆ. 'ಎರಡು ಕನಸು', 'ಗೀತಾ', 'ಬಂಧನ', 'ಪ್ರೇಮಲೋಕ'. ಹಂಸಲೇಖ ಬೀದಿಯ ಮಾತು, ಹುಡುಗ ಹುಡುಗಿಯರ ವಾದ ಜಗಳಗಳನ್ನು ಹಾಗೆಹಾಗೇ ಎತ್ತಿ ರಾಗಕ್ಕೆ ಕೂಡಿಸಿದ ಚಳಕ ನನಗೆ ಕಾಣಿಸಿದ್ದು ಈ ವಯಸ್ಸಿನಲ್ಲಿ. ಕೇಳಿ ಮುಗಿಸಿ ಫೋನ್ ಮಾಡುತ್ತೇನೆ. ಬದಲಿಗೆ ನನ್ನದೊಂದು ಹಾಡು ಕಳಿಸುವುದಿಲ್ಲ. ಎರಡನೇ ಬದಿಯ ಆ ಮೊದಲ ಹಾಡು ಯಾವುದೆಂದು ಅವಳಿಗೆ ಮರೆತಿದೆ. ನೋಟ್‌ಬುಕ್ ಎಂದೋ ರದ್ದಿಗೆ ಹೋಯಿತು. ಆದರೂ ಪ್ರತಿ ವಾರ ವಿಚಾರಿಸುತ್ತೇನೆ, "ಇದೇ ಏನು?"

"ಇದ್ದರೂ ಇರಬಹುದಣ್ಣ" ಎನ್ನುತ್ತಾಳೆ. "ಇನ್ನೊಮ್ಮೆ ಕೇಳು."