ಹೊಗೆ ಬಂದಿದ್ದು ಅವನ ಸೋಲ್ಡರಿಂಗ್‌ನಿಂದಲ್ಲ

1/4

ಮೊದಲನೇ ಫೋಟೊ ಸ್ವಲ್ಪ ಜೂಮ್ ಮಾಡಿ. ಐದು ಕಾಲಿನ ಕಪ್ಪು ಚಿಪ್. ಮೇಲೆ ಎಸ್‌ಟಿ ಲೋಗೊ, ಅದರ ಕೆಳಗೆ ಟಿಡಿಎ 2050 ಅಂತ ನೀಟಾಗಿ ಬರ್ದಿದೆ. ಮಧ್ಯದಲ್ಲಿ ಹೊಟ್ಟೆ ಒಡ್ಕೊಂಡಿದೆ. ನಮ್ಮ ಬ್ಯಾಚಿನವರಿಗೆ ಈ ಹೆಣದ ಗುರುತು ಸಿಕ್ಕಿರತ್ತೆ. ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ಸೆಮಿನಾರ್ ಹಾಲ್‌ಗೆ ಹೊಗೆ ಹಾಕಿದ್ದು ಇದೇ.

ಹೊರಗಿನಿಂದ ಫಾಲೋ ಮಾಡ್ತಿರೋರಿಗೆ ಕಥೆ ಹೇಳ್ಬೇಕು. ನಾವಿಬ್ಬರು ಸೇರಿ ಫೈನಲ್ ಇಯರ್‌ಗೆ ಒಂದು ಆಡಿಯೊ ಆಂಪ್ಲಿಫೈಯರ್ ಮಾಡಿದ್ವಿ. ಡೇಟಾಶೀಟ್ ಓದಿ ಲೆಕ್ಕ ಹಾಕಿದ್ದು ನಾನು. ಬೋರ್ಡ್ ಎಚ್ ಮಾಡಿ, ಡ್ರಿಲ್ ಹೊಡೆದು, ಸೋಲ್ಡರ್ ಮಾಡಿದ್ದೆಲ್ಲ ಅವನು. ಚಿಪ್ ಆನ್‌ಲೈನ್‌ನಲ್ಲಿ ತರಿಸಿದ್ದು ನಾನೇ, ಐದಕ್ಕೆ 125 ರೂಪಾಯಿ. ಸಿಕ್ಕಾಪಟ್ಟೆ ಸಸ್ತಾ ಸಿಕ್ತು ಅಂತ ಸ್ಟೋರಿ ಬೇರೆ ಹಾಕಿದ್ದೆ, ನೆನಪಿರಬಹುದು.

ಒಂದು ವಾರ ಲ್ಯಾಬ್‌ನ ಪವರ್ ಸಪ್ಲೈನಲ್ಲಿ ಪ್ಲಸ್ ಮೈನಸ್ 12 ವೋಲ್ಟ್ ಕೊಟ್ಟು ಓಡಿಸಿದ್ವಿ. ಬೆಣ್ಣೆ ಥರ ಓಡ್ತು. ಎಕ್ಸಿಬಿಷನ್ ಹಿಂದಿನ ರಾತ್ರಿ ಅವನು ಹಾಸ್ಟೆಲ್ ರೂಮಲ್ಲಿ ಕೂತು 15-0-15 ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ಕೆಪಾಸಿಟರ್ ಎಲ್ಲ ಸೇರಿಸಿ ಡಬ್ಬಿಗೆ ಕೂರಿಸಿದ. ನಾನು ಪಿಪಿಟಿ ಮಾಡ್ತೀನಿ ಅಂತ ಹೇಳಿ ಮಲ್ಕೊಂಡೆ.

ಬೆಳಿಗ್ಗೆ ಎಚ್‌ಓಡಿ ಎದುರಿಗೆ ಸ್ವಿಚ್ ಹಾಕಿದ್ವಿ. ಹತ್ತು ಸೆಕೆಂಡ್ ಹಾಡು. ಆಮೇಲೆ ಟಪ್ ಅಂತ ಒಂದು ಸದ್ದು. ಸ್ಪೀಕರಿನ ಕೋನ್ ಮುಂದಕ್ಕೆ ಹಾರಿ ಅಲ್ಲೇ ನಿಂತ್ಕೊಳ್ತು, ವಾಪಸ್ ಬರ್ಲಿಲ್ಲ. ಚಿಪ್‌ನಿಂದ ಹೊಗೆ, ಅದರ ಹಿಂದೆನೇ ಸ್ಪೀಕರಿಂದ ಹೊಗೆ. ಆ ಎಂಟಿಂಚಿನ ಸ್ಪೀಕರ್ ಅವನ ಸೋದರಮಾವಂದು. ಊರಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡ್ತಾರೆ. ಜಾತ್ರೆ ಸೀಸನ್ನಿನಲ್ಲಿ ಅದನ್ನ ಬಿಟ್ಟುಕೊಟ್ಟಿದ್ರು.

2/4

ಇನ್ನು ನಾನು ಮಾಡಿದ ಕೆಲಸ.

ಮಧ್ಯಾಹ್ನ ಎರಡನೇ ಚಿಪ್ ಹಾಕಿದ್ವಿ. ಸ್ಪೀಕರ್ ಇಲ್ಲದೆನೇ ಅದೂ ಸುಟ್ಟುಹೋಯ್ತು. ನನ್ನ ತಲೆ ಏನು ಹೇಳ್ತು ಅಂದ್ರೆ, ಎರಡು ಹೊಸ ಚಿಪ್ ಒಂದೇ ಥರ ಸತ್ತಿದೆ ಅಂದ್ಮೇಲೆ ತಪ್ಪು ಬೋರ್ಡ್‌ನಲ್ಲೇ ಇದೆ. ಬೋರ್ಡ್ ಅವನದು. "ರಾತ್ರಿ ನಿದ್ದೆಗಣ್ಣಲ್ಲಿ ಎಲ್ಲೋ ಶಾರ್ಟ್ ಮಾಡಿದ್ದೀಯ" ಅಂತ ಎಲ್ಲರ ಮುಂದೆ ಅಂದೆ. ವೈವಾದಲ್ಲೂ ಅದನ್ನೇ ಹೇಳಿದೆ. "ಹೊಗೆರಾಯ" ಅನ್ನೋ ಹೆಸರು ಇಟ್ಟಿದ್ದೂ ನಾನೇ. ನೀವೆಲ್ಲ ನಕ್ರಿ, ಗ್ರೂಪ್‌ನಲ್ಲಿ ಸ್ಟಿಕ್ಕರ್ ಮಾಡಿದ್ರಿ. ಅವನು ಒಂದು ಮಾತೂ ಆಡ್ಲಿಲ್ಲ. ಆಮೇಲೆ ನಾಲ್ಕು ತಿಂಗಳು ನನ್ನ ಜೊತೆಗಂತೂ ಆಡ್ಲೇ ಇಲ್ಲ.

ಈಗ ಲೆಕ್ಕ ನೋಡಿ, ನಾನು ಅವತ್ತೇ ಮಾಡ್ಬೇಕಾಗಿದ್ದು. 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಂದ್ರೆ ಎಸಿ 15. ಅದನ್ನ ರೆಕ್ಟಿಫೈ ಮಾಡಿದ್ರೆ ಕೆಪಾಸಿಟರ್ ಮೇಲೆ ನಿಲ್ಲೋದು ಅದರ 1.414 ಪಟ್ಟು, ಅಂದ್ರೆ 21 ಚಿಲ್ಲರೆ. ಡಯೋಡ್‌ನಲ್ಲಿ ಸ್ವಲ್ಪ ಕಳೀತದೆ. ಆದ್ರೆ ಲೋಡ್ ಇಲ್ದಾಗ ಟ್ರಾನ್ಸ್‌ಫಾರ್ಮರ್ ಮೇಲೆ ಬರ್ದಿರೋದಕ್ಕಿಂತ ಜಾಸ್ತಿನೇ ಕೊಡತ್ತೆ. ಆಮೇಲೆ ಅಳತೆ ಮಾಡಿದಾಗ ನಮ್ಮ ಸಪ್ಲೈ ಪ್ಲಸ್ ಮೈನಸ್ 22 ಇತ್ತು.

ನಿಜವಾದ ಟಿಡಿಎ 2050 ಇದನ್ನ ತಡ್ಕೋಬೇಕು. ಡೇಟಾಶೀಟ್ ಪ್ರಕಾರ ಅದರ ಮಿತಿ ಪ್ಲಸ್ ಮೈನಸ್ 25. ಅದಕ್ಕೊಬ್ಬ ತಮ್ಮ ಇದ್ದಾನೆ, ಟಿಡಿಎ 2030. ಅದೇ ಐದು ಕಾಲು, ಅದೇ ಆಕಾರ, ಅದೇ ಪಿನ್ ಕನೆಕ್ಷನ್. ಮಿತಿ ಮಾತ್ರ ಪ್ಲಸ್ ಮೈನಸ್ 18. ತಮ್ಮನಿಗೆ ಅಣ್ಣನ ಅಂಗಿ ಹಾಕಿದ್ರೆ 12 ವೋಲ್ಟ್‌ನಲ್ಲಿ ಯಾರಿಗೂ ಗೊತ್ತಾಗಲ್ಲ. ವಾರ ಪೂರ್ತಿ ಹಾಡ್ತಾನೆ. 22 ಕೊಟ್ಟ ದಿನ ಸಾಯ್ತಾನೆ. ಸಾಯೋವಾಗ ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಔಟ್‌ಪುಟ್ ಸಪ್ಲೈಗೆ ಅಂಟ್ಕೊಳ್ಳುತ್ತೆ. ಎಂಟು ಓಮ್ ಸ್ಪೀಕರಿಗೆ 20 ವೋಲ್ಟ್ ಡಿಸಿ ಹೋಯ್ತು ಅಂತಿಟ್ಕೊಳ್ಳಿ, ಎರಡೂವರೆ ಆಂಪ್, 50 ವ್ಯಾಟ್. ಹಾಡಲ್ಲ ಅದು, ಹೀಟರ್. ಕೋನ್ ಮುಂದೆ ಹಾರಿ ನಿಂತಿದ್ದು ಅದಕ್ಕೇ.

3/4

ಇದು ನನ್ನ ಬುದ್ಧಿವಂತಿಕೆಯಿಂದ ಗೊತ್ತಾಗಿದ್ದಲ್ಲ. ನಮ್ಮೂರ ಟಿವಿ ರಿಪೇರಿ ಅಂಗಡಿಗೆ ಯಾವುದೋ ರಿಮೋಟ್ ತಗೊಂಡು ಹೋಗಿದ್ದೆ. ಬ್ಯಾಗಲ್ಲಿದ್ದ ಚಿಪ್ ಸುಮ್ಮನೆ ತೋರಿಸಿದೆ. ಅಂಕಲ್ ನೋಡಿ ಕೇಳಿದ ಮೊದಲ ಪ್ರಶ್ನೆ: "ಇದು ಇನ್ನೂ ಬರ್ತಾ ಇದ್ಯಾ?" ಅಲ್ಲೇ ಫೋನಲ್ಲಿ ಹುಡುಕಿದೆ. ಎಸ್‌ಟಿ ಟಿಡಿಎ 2050 ತಯಾರಿಸೋದನ್ನ ನಿಲ್ಲಿಸಿದೆ. ನಿಂತುಹೋದ ಚಿಪ್ 25 ರೂಪಾಯಿಗೆ ಎಷ್ಟು ಬೇಕೋ ಅಷ್ಟು, ಹೊಚ್ಚ ಹೊಸದು. ಇಷ್ಟು ನನ್ನ ತಲೆಗೆ ಹೊಳೆದಿರಲಿಲ್ಲ.

ಅವರು ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದ್ರು (ಎರಡನೇ ಫೋಟೊ). ಹತ್ತಿ ಕಪ್ಪಾಯ್ತು. ಚಿಪ್ ಮೇಲೆ ಪೇಂಟ್! ಅದರ ಕೆಳಗೆ ಸ್ಯಾಂಡ್‌ಪೇಪರ್ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ. ಹಳೇ ಹೆಸರು ತಿಕ್ಕಿ ಅಳಿಸಿ, ಕರೀ ಬಣ್ಣ ಬಳಿದು, ಹೊಸ ಹೆಸರು ಬರೆದಿದ್ದಾರೆ. ಕಾಲುಗಳಿಗೆ ಬೇರೆ ಹೊಸದಾಗಿ ತವರ ಹಚ್ಚಿದ್ದಾರೆ. ಗುಜರಿಗೆ ಬಂದ ಬೋರ್ಡ್‌ನಿಂದ ಬಿಸಿ ಮಾಡಿ ಕಿತ್ತ ಚಿಪ್‌ಗಳನ್ನ ಹೀಗೆ ಹೊಸದು ಮಾಡೋದು ದೊಡ್ಡ ದಂಧೆ. ನಾವು ಮಾತ್ರ ಪೆದ್ದರು ಅಂದ್ಕೋಬೇಡಿ. 2012ರಲ್ಲಿ ಅಮೆರಿಕದ ಸೆನೆಟ್‌ನ ರಕ್ಷಣಾ ಸಮಿತಿ ಅವರದೇ ಸೈನ್ಯಕ್ಕೆ ಸರಬರಾಜಾದ ನಕಲಿ ಬಿಡಿಭಾಗಗಳ ಬಗ್ಗೆ ವರದಿ ಕೊಡ್ತು. ಎರಡೇ ವರ್ಷದಲ್ಲಿ ಸುಮಾರು 1,800 ಪ್ರಕರಣ, ಅನುಮಾನ ಬಂದ ಬಿಡಿಭಾಗ ಹತ್ತು ಲಕ್ಷಕ್ಕೂ ಮೇಲೆ. ಯುದ್ಧ ವಿಮಾನ ಕೊಳ್ಳೋರಿಗೇ ಹೀಗೆ.

ಉಳಿದ ಮೂರು ಚಿಪ್‌ನಲ್ಲಿ ಎರಡನ್ನ ಲ್ಯಾಬ್‌ನಲ್ಲಿ ಬೇಕಂತಲೇ ಕೊಂದೆ. ಸ್ಪೀಕರ್ ಬದಲು ದೊಡ್ಡ ರೆಸಿಸ್ಟರ್, ಸಪ್ಲೈಗೆ ಕರೆಂಟ್ ಲಿಮಿಟ್. 12, 15, 18, ಸ್ಕೋಪ್‌ನಲ್ಲಿ ಸೈನ್ ವೇವ್ ಚೊಕ್ಕವಾಗಿ ನಿಂತಿತ್ತು. 20 ದಾಟ್ತಿದ್ದ ಹಾಗೆ ಒಂದು ಹೋಯ್ತು, ಇನ್ನೊಂದು 21ರ ಆಸುಪಾಸಿನಲ್ಲಿ. ಒಳಗಿರೋದು 2030ನೇ ಅಂತ ಕೋರ್ಟಲ್ಲಿ ಸಾಬೀತು ಮಾಡೋಕೆ ನನ್ನಿಂದಾಗಲ್ಲ. ಆದ್ರೆ ಅದು 2050 ಅಂತೂ ಅಲ್ಲ.

ಕೊನೇ ಪರೀಕ್ಷೆ ಇತ್ತು, ಅದಕ್ಕೆ ಹೆದರಿಕೆ ಆಗಿತ್ತು. ಅಂಕಲ್ ಒಂದು ಹಳೇ ಹೋಮ್ ಥಿಯೇಟರಿಂದ ಬಿಚ್ಚಿದ ಟಿಡಿಎ 2050 ಕೊಟ್ರು. ಅದನ್ನ ಅವನ ಅದೇ ಬೋರ್ಡ್‌ಗೆ ಹಾಕಿದೆ. ಅದೇ ಟ್ರಾನ್ಸ್‌ಫಾರ್ಮರ್, ಅದೇ ಡಬ್ಬಿ, ರಾತ್ರಿ ಅವನು ಎಳೆದ ಅದೇ ವೈರ್. ಒಂದು ಗಂಟೆ ಹಾಡ್ತು. ಹೀಟ್‌ಸಿಂಕ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೇ.

4/4

ಜೂನಿಯರ್ಸ್ ಕೇಳ್ತಿದ್ದೀರ, ಹೇಗೆ ಗುರುತು ಹಿಡಿಯೋದು ಅಂತ. ರಿಮೂವರ್ ಟೆಸ್ಟ್ ಮಾಡಿ, ಆದ್ರೆ ಪೂರ್ತಿ ನಂಬಬೇಡಿ. ಬಣ್ಣ ಬಿಟ್ರೆ ನಕಲಿ, ಬಿಡದಿದ್ರೆ ಅಸಲಿ ಅಂತೇನಿಲ್ಲ, ಲೇಸರ್‌ನಲ್ಲಿ ಕೆತ್ತಿರೋ ನಕಲಿನೂ ಇದಾವೆ. ಚಿಪ್ ಇನ್ನೂ ತಯಾರಾಗ್ತಿದ್ಯಾ ಅಂತ ಕಂಪನಿ ಸೈಟ್‌ನಲ್ಲಿ ನೋಡೋದು ಎರಡು ನಿಮಿಷದ ಕೆಲಸ. ಎಷ್ಟು ವೋಲ್ಟ್‌ನಲ್ಲಿ ಓಡಿಸ್ತೀರೋ ಅಷ್ಟರಲ್ಲೇ ಟೆಸ್ಟ್ ಮಾಡಿ, ನಮ್ಮ ಥರ 12ರಲ್ಲಿ ಖುಷಿ ಪಡಬೇಡಿ. ಮೊದಲ ಸಲ ಮೇನ್ಸ್‌ಗೆ ಹಾಕೋವಾಗ ಸೀರೀಸ್‌ನಲ್ಲಿ ಒಂದು 60 ವ್ಯಾಟ್ ಹಳೇ ಫಿಲಮೆಂಟ್ ಬಲ್ಬ್ ಇರ್ಲಿ, ಎಲ್‌ಇಡಿ ಬಲ್ಬ್ ಅಲ್ಲ, ಮತ್ತೆ ಮೇಷ್ಟ್ರು ಪಕ್ಕದಲ್ಲಿರಲಿ. ಸ್ಪೀಕರ್ ಸಿಕ್ಕಿಸೋ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ಎಷ್ಟಿದೆ ನೋಡಿ. ಮಿಲಿವೋಲ್ಟ್‌ಗಳಲ್ಲಿದ್ರೆ ಸರಿ. ವೋಲ್ಟ್‌ಗಟ್ಟಲೆ ಇದ್ರೆ ಆಫ್ ಮಾಡಿ. ಅದರಲ್ಲೂ ಸ್ಪೀಕರ್ ಬೇರೆಯವರ ಮಾವಂದಾಗಿದ್ರೆ.

ಕಾಯಿಲ್ ಮತ್ತೆ ಕೋನ್ ಹಾಕ್ಸೋಕೆ 700 ರೂಪಾಯಿ ಆಯ್ತು. ಮಾರ್ಚ್‌ನಲ್ಲೇ ಅವನೊಬ್ಬನೇ ಕೊಟ್ಟಿದ್ದ, ನನಗೆ ಹೇಳಿರಲಿಲ್ಲ. ನಿನ್ನೆ ಪೂರ್ತಿ ದುಡ್ಡು ಕಳಿಸಿದೆ. 350 ವಾಪಸ್ ಬಂತು.

ವೈವಾದ ಮಾರ್ಕ್ಸ್ ಈಗ ಬದಲಾಗಲ್ಲ. ಎಚ್‌ಓಡಿ ಅವರಿಗೆ ಎರಡು ಪುಟದ ರಿಪೋರ್ಟ್ ಬರೆದು ಕೊಟ್ಟಿದ್ದೀನಿ, ಹತ್ತಿಯ ಫೋಟೊ ಸಮೇತ. ಗ್ರೂಪ್‌ನಲ್ಲಿರೋ ಆ ಸ್ಟಿಕ್ಕರ್ ದಯವಿಟ್ಟು ಡಿಲೀಟ್ ಮಾಡಿ. ಯಾರಿಗಾದ್ರೂ ಹೆಸರು ಇಡಲೇಬೇಕು ಅಂದ್ರೆ ನನಗಿಡಿ, 125 ರೂಪಾಯಿಯ ಆರ್ಡರ್ ನನ್ನ ಫೋನಲ್ಲೇ ಇದೆ.

ಇದನ್ನ ಹಾಕೋ ಮುಂಚೆ ಅವನಿಗೆ ಕಳಿಸಿ ಕೇಳಿದೆ, ಏನಾದ್ರೂ ಸೇರಿಸ್ಬೇಕಾ ಅಂತ. ಬಂದ ಉತ್ತರ ಇಷ್ಟೇ: "ಬೋರ್ಡಿನ ಹಿಂದಿನ ಫೋಟೊ ಹಾಕು."

ಹಾಕಿದ್ದೀನಿ, ಕೊನೇ ಸ್ಲೈಡ್. ಜೂಮ್ ಮಾಡಿ ನೋಡಿ. ಒಂದೇ ಒಂದು ಕೋಲ್ಡ್ ಜಾಯಿಂಟ್ ಇಲ್ಲ.